ಉತ್ತಮ ತ್ಯಾಗವೂ ಸತ್ಯದ ರಸೀದಿಯೂ

॥ ಶ್ರೀ ವೀತರಾಗಾಯ ನಮಃ ॥

ದಶಲಕ್ಷಣ ಮಹಾಪರ್ವದ ಎಂಟನೆಯ ದಿನವು ಉತ್ತಮ ತ್ಯಾಗ ಧರ್ಮದ ದಿನವಾಗಿರುತ್ತದೆ. ಅಂದು ಅಭಿಷೇಕ, ಪೂಜೆ, ಸ್ವಾಧ್ಯಾಯಗಳು ಮುಗಿದ ಬಳಿಕ ಶ್ರಾವಕ-ಶ್ರಾವಿಕೆಯರು ಯಥಾಶಕ್ತಿ ದಾನ ಮಾಡುವುದು ಪರಂಪರೆಯಿಂದ ನಡೆದು ಬಂದಿದೆ. ಆದರೆ ಹತ್ತು ಧರ್ಮಗಳ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತ್ಯಾಗಕ್ಕಿಂತ ಮೊದಲೇ ಆರ್ಜವ ಬಂದಿದೆ, ಶೌಚ ಬಂದಿದೆ, ಸತ್ಯ ಬಂದಿದೆ. ಮನಸ್ಸು ನೇರವಾಗದೆ, ಲೋಭ ಕಳೆಯದೆ, ಮಾತು ನಿಜವಾಗದೆ ಕೈಯಿಂದ ಬಿಟ್ಟದ್ದೆಲ್ಲವೂ ತ್ಯಾಗವೆನಿಸದು ಎಂಬುದೇ ಈ ಕ್ರಮದ ಅಭಿಪ್ರಾಯ.

ಈ ತತ್ವವು ಮಂದಿರದ ಗರ್ಭಗೃಹದಲ್ಲಿ ಎಷ್ಟು ಸತ್ಯವೋ, ಮಂದಿರದ ಕಚೇರಿಯಲ್ಲಿರುವ ರಸೀದಿ ಪುಸ್ತಕದಲ್ಲಿಯೂ ಅಷ್ಟೇ ಸತ್ಯ. ಕನ್ನಡದವರು ರಸೀದಿ ಎನ್ನಲಿ, ಮರಾಠಿಯವರು ಪಾವತಿ ಎನ್ನಲಿ, ಗುಜರಾತಿ ಬಂಧುಗಳು ಪಹೋಂಚ್ ಎನ್ನಲಿ, ಅದು ದಾನಕ್ಕೆ ಸಾಕ್ಷಿಯಾದ ಲೇಖ. ಆ ಲೇಖವು ಸುಳ್ಳಾದರೆ ದಾನಕ್ಕೆ ಕಲಂಕ ತಟ್ಟುತ್ತದೆ.

ಒಂದು ದೃಷ್ಟಾಂತ

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯು ಚಾದರ ಮತ್ತು ಟೆರಿ ಟವೆಲ್‌ಗಳ ನೆಲೆ. ಅಲ್ಲಿ ಮಗ್ಗ ನಡೆಸುವ ಒಬ್ಬ ಶ್ರಾವಕನು ಪರ್ವದ ನಿಮಿತ್ತ 500 ಚಾದರಗಳನ್ನು ಧರ್ಮಾದಾಯ ಸಂಸ್ಥೆಯೊಂದಕ್ಕೆ ಅರ್ಪಿಸಿದನೆಂದು ಭಾವಿಸಬಹುದು. ಚಾದರವೊಂದಕ್ಕೆ 400 ರೂಪಾಯಿಯಂತೆ ಒಟ್ಟು ಬೆಲೆ 2,00,000 ರೂಪಾಯಿ. ಅವನ ಭಾವ ಶುದ್ಧವಾಗಿದೆ, ಬಟ್ಟೆ ಉತ್ತಮವಾಗಿದೆ, ಪಡೆಯುವವರು ನಿಜವಾಗಿಯೂ ಚಳಿಯಲ್ಲಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಸೀನಾ ನದಿ ಉಕ್ಕಿ ಜಿಲ್ಲೆಯ ಅನೇಕ ಗ್ರಾಮಗಳಿಗೆ ನೀರು ನುಗ್ಗಿದ್ದನ್ನು ಕಂಡವರಿಗೆ ಒಂದು ಒಣ ಚಾದರದ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ.

ಆದರೆ ಮಾರ್ಚ್ ತಿಂಗಳು ಬಂದಾಗ ಅವನ ಮನಸ್ಸಿನಲ್ಲಿ ಒಂದು ಮಾತು ಏಳುತ್ತದೆ: "ಹೇಗೂ ಎರಡು ಲಕ್ಷದ ಮಾಲು ಕೊಟ್ಟಾಗಿದೆ. ಎರಡು ಲಕ್ಷ ಹಣ ಕೊಟ್ಟಂತೆ ಒಂದು ರಸೀದಿ ಬರೆಸಿಕೊಂಡರೆ ತಪ್ಪೇನು?" ಈ ಒಂದು ಪ್ರಶ್ನೆಯಲ್ಲಿಯೇ ಶ್ರಾವಕಧರ್ಮದ ಪರೀಕ್ಷೆ ಅಡಗಿದೆ.

ರಾಜ್ಯದ ನಿಯಮ

ಮೊದಲು ನಿಯಮವನ್ನು ಅರಿಯುವುದು ಉಚಿತ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮು ಮಾನ್ಯ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ವಿನಾಯಿತಿ ನೀಡಿತು. ಆದರೆ ದಾನವು ಹಣದ ರೂಪದಲ್ಲಿದ್ದರೆ ಮಾತ್ರ ಈ ವಿನಾಯಿತಿ ಸಲ್ಲುತ್ತದೆಂದು ಆ ಕಲಮಿನ 5ನೆಯ ವಿವರಣೆಯು 1976ರಿಂದ ಸ್ಪಷ್ಟಪಡಿಸಿತು. ಷೇರುಗಳನ್ನು ದಾನ ಕೊಟ್ಟಿದ್ದ ಶ್ರೀ ರಾಮವರ್ಮ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ 1990ರಲ್ಲಿ ಇದೇ ನಿರ್ಣಯವನ್ನು ಕೊಟ್ಟಿತು. ಆದುದರಿಂದ ಚಾದರ, ಧಾನ್ಯ, ಔಷಧ, ಬೆಳ್ಳಿಯ ಪೂಜಾಪಾತ್ರೆ, ಜಮೀನು, ಷೇರು ಇವುಗಳಲ್ಲಿ ಯಾವುದನ್ನು ಅರ್ಪಿಸಿದರೂ ದಾತೃವಿಗೆ ತೆರಿಗೆ ವಿನಾಯಿತಿ ಇಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾಗಿದೆ. ಅದರಲ್ಲಿ ಕಲಮುಗಳ ಅಂಕಿ ಬದಲಾದರೂ ಈ ತತ್ವ ಬದಲಾಗಿಲ್ಲ.

ಹಣದ ದಾನಕ್ಕೂ ಮಿತಿಗಳಿವೆ. 2017ರಿಂದ 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ವಿನಾಯಿತಿ ನಿಂತಿದೆ. ಅದನ್ನು ಚೆಕ್ಕಿನಿಂದ ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಈ ವಿನಾಯಿತಿಯೇ ಇಲ್ಲ. ಮಂದಿರಕ್ಕೆ ಕೊಟ್ಟದ್ದೆಲ್ಲವೂ ವಿನಾಯಿತಿಗೆ ಅರ್ಹವೆಂಬ ತಿಳುವಳಿಕೆಯೂ ಸರಿಯಲ್ಲ. ಕೇವಲ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಸಾಮಾನ್ಯವಾಗಿ ಈ ಮಾನ್ಯತೆ ದೊರೆಯುವುದಿಲ್ಲ. ಐತಿಹಾಸಿಕ ಅಥವಾ ಕಲಾ ಮಹತ್ವವುಳ್ಳದ್ದೆಂದು ಕೇಂದ್ರ ಸರಕಾರವು ಪ್ರಕಟಿಸಿದ ದೇವಾಲಯಗಳ ಜೀರ್ಣೋದ್ಧಾರಕ್ಕೆ ಮಾತ್ರ ಪ್ರತ್ಯೇಕ ಅವಕಾಶವಿದೆ.

ವಸ್ತುದಾನಕ್ಕೆ ವಿನಾಯಿತಿ ಇಲ್ಲವೆಂದ ಮಾತ್ರಕ್ಕೆ ಅದರ ಲೆಕ್ಕ ಬೇಡವೆಂದಲ್ಲ. 2021-22ರ ವರ್ಷದಿಂದ ಮಾನ್ಯ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸುವ ಕ್ರಮ ಬಂದಿತು. 10ಬಿಡಿ ಎಂಬ ಆ ನಮೂನೆಯಲ್ಲಿ ದಾನವು ನಗದೋ, ವಸ್ತುವೋ, ಬ್ಯಾಂಕಿನ ಮೂಲಕ ಬಂದುದೋ ಎಂದು ಬರೆಯುವ ಅಂಕಣವೇ ಇರಿಸಲಾಯಿತು. ಚಾದರವನ್ನು ನಗದೆಂದು ಬರೆದರೆ ಸಂಸ್ಥೆಯೇ ರಾಜ್ಯದ ಮುಂದೆ ಅಸತ್ಯವನ್ನು ನುಡಿದಂತಾಗುತ್ತದೆ. ಅದರ ಭಾರ ದಾನಿಯೊಬ್ಬನ ಮೇಲಲ್ಲ, ಸಹಿ ಹಾಕಿದ ವಿಶ್ವಸ್ಥರ ಮೇಲೂ ಬೀಳುತ್ತದೆ.

ಉದ್ದಿಮೆದಾರರು ಇನ್ನೊಂದನ್ನು ನೆನಪಿಡಬೇಕು. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಕಲಮಿನಂತೆ ಉಡುಗೊರೆಯಾಗಿ ಕೊಟ್ಟ ಸರಕಿನ ನೂಲು, ಬಣ್ಣ ಮುಂತಾದವುಗಳ ಮೇಲೆ ಪಡೆದ ತೆರಿಗೆ ಜಮೆಯು ಸಲ್ಲುವುದಿಲ್ಲ, ಅದನ್ನು ಹಿಂದಿರುಗಿಸಬೇಕು. ಗೋದಾಮಿನಿಂದ ಹೊರಟ 500 ಚಾದರಗಳು ದಾಸ್ತಾನು ವಹಿಯಲ್ಲಿಯೂ ದಾನವೆಂದೇ ಹೊರಡಬೇಕು.

ಸಮುದ್ರದಾಚೆಯ ಬಂಧುಗಳಿಗೆ ನಿಯಮ ಬೇರೆ. ಅಮೆರಿಕದಲ್ಲಿ ವಸ್ತುದಾನಕ್ಕೂ ವಿನಾಯಿತಿ ಉಂಟು. ವರ್ಷದಲ್ಲಿ ಅಂತಹ ದಾನದ ವಿನಾಯಿತಿ 500 ಡಾಲರಿಗೆ ಮೀರಿದರೆ 8283 ಎಂಬ ನಮೂನೆಯನ್ನು ತುಂಬಬೇಕು. ವಸ್ತುವಿನ ಬೆಲೆ 5,000 ಡಾಲರಿಗೆ ಮೀರಿದರೆ ಸಾಮಾನ್ಯವಾಗಿ ಅರ್ಹ ಮೌಲ್ಯಮಾಪಕನ ವರದಿ ಬೇಕು. ಬಟ್ಟೆಬರೆಗಳು ಸುಸ್ಥಿತಿಯಲ್ಲಿರಬೇಕೆಂದು 2006ರಲ್ಲಿ ಅಲ್ಲಿಯ ಕಾಯ್ದೆಯೇ ವಿಧಿಸಿತು. ಆದರೆ ಅಲ್ಲಿರುವ ಮಗನು ಸೊಲ್ಲಾಪುರದ ಸಂಸ್ಥೆಗೆ ನೇರವಾಗಿ ಕಳುಹಿಸಿದ ದಾನಕ್ಕೆ ಅಲ್ಲಿ ಸಾಮಾನ್ಯವಾಗಿ ವಿನಾಯಿತಿ ಸಿಗದು. ಒಂದೇ ಮನೆಯ ತಂದೆಗೂ ಮಗನಿಗೂ ಎರಡು ನಿಯಮಗಳಿರಬಹುದು. ಸತ್ಯವ್ರತ ಮಾತ್ರ ಇಬ್ಬರಿಗೂ ಒಂದೇ.

ಶಾಸ್ತ್ರದ ದೃಷ್ಟಿ

ಜೈನ ಶಾಸ್ತ್ರಗಳಲ್ಲಿ ಹೇಳಿದ ದಾನವು ಸ್ವಭಾವತಃ ವಸ್ತುದಾನವೇ ಆಗಿದೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣ ಮತ್ತು ಆವಾಸ ಎಂದು ನಾಲ್ಕು ದಾನಗಳನ್ನು ಹೇಳಿ ಶ್ರೀಷೇಣ, ವೃಷಭಸೇನೆ, ಕೌಂಡೇಶ ಮತ್ತು ಒಂದು ಹಂದಿಯನ್ನು ಅವುಗಳಿಗೆ ದೃಷ್ಟಾಂತವಾಗಿ ಸ್ಮರಿಸಿದ್ದಾರೆ. ಗುಹೆಯಲ್ಲಿದ್ದ ಮುನಿಗಳ ರಕ್ಷಣೆಗಾಗಿ ಆ ಹಂದಿಯು ಹುಲಿಯೊಡನೆ ಹೋರಾಡಿತು, ಎರಡೂ ಮಡಿದವು. ಹೋರಾಟ ಒಂದೇ, ಗತಿ ಮಾತ್ರ ಬೇರೆಬೇರೆಯಾಯಿತು, ಏಕೆಂದರೆ ಭಾವ ಬೇರೆಯಾಗಿತ್ತು. ಆ ಮೂಕ ಪ್ರಾಣಿಯ ದಾನಕ್ಕೆ ಯಾವ ರಸೀದಿಯೂ ಇರಲಿಲ್ಲ, ಪುಣ್ಯಕ್ಕೆ ಕೊರತೆಯೂ ಆಗಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಾನದ ವಿಶೇಷತೆಯನ್ನು ವಿಧಿ, ದ್ರವ್ಯ, ದಾತೃ ಮತ್ತು ಪಾತ್ರ ಎಂಬ ನಾಲ್ಕರಿಂದ ಅಳೆಯುತ್ತಾರೆ. ಅದೇ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳೂ ನಿರೂಪಿತವಾಗಿವೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರವನ್ನು ಬರೆಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ನಿಯಮವನ್ನು ಮೀರಿ ನಡೆಯುವುದು. ಇನ್ನೊಂದು ಹೀನಾಧಿಕಮಾನೋನ್ಮಾನ, ಎಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು. ವಸ್ತುವನ್ನು ಹಣವೆಂದು ಬರೆದ ರಸೀದಿಯು ಮೊದಲನೆಯದಾಗುತ್ತದೆ. ಅದರಿಂದ ತೆರಿಗೆಯನ್ನು ಉಳಿಸುವುದು ಎರಡನೆಯದು. 400 ರೂಪಾಯಿಯ ಚಾದರಕ್ಕೆ 700 ಎಂದು ಬೆಲೆ ಹಾಕುವುದು ಮೂರನೆಯದು. ಒಂದು ಕಾಗದದ ಚೂರಿನಲ್ಲಿ ಮೂರು ಅತಿಚಾರಗಳು!

ಇಷ್ಟೆಲ್ಲ ಮಾಡಿ ಆ ಶ್ರಾವಕನಿಗೆ ದೊರೆಯುವುದೆಷ್ಟು? 2,00,000 ರೂಪಾಯಿಯ ಅರ್ಧ 1,00,000ಕ್ಕೆ ವಿನಾಯಿತಿ. ಶೇಕಡಾ 30ರ ದರದಲ್ಲಿ 30,000, ಉಪಕರ ಸೇರಿ 31,200 ರೂಪಾಯಿ. ಎರಡು ಲಕ್ಷವನ್ನು ಸಂತೋಷದಿಂದ ಬಿಟ್ಟ ಕೈಯೇ ಮೂವತ್ತೊಂದು ಸಾವಿರಕ್ಕಾಗಿ ವ್ರತವನ್ನು ಬಿಡುವುದಾದರೆ, ಬಿಟ್ಟದ್ದು ಚಾದರವಷ್ಟೇ, ಲೋಭವಲ್ಲ ಎಂದಾಯಿತು.

ಕಲ್ಲಿನ ರಸೀದಿಗಳು

ದಾನವನ್ನು ಇದ್ದುದಿದ್ದಂತೆ ಬರೆದಿಡುವುದು ಜೈನರಿಗೆ ಹೊಸತಲ್ಲ. ಕನ್ನಡ ನಾಡಿನ ಬಸದಿಗಳ ಮುಂದೆ ನಿಂತಿರುವ ಶಾಸನಗಳು ಕಲ್ಲಿನ ರಸೀದಿಗಳೇ ಆಗಿವೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ತಿಥಿ, ಎಷ್ಟು ಭೂಮಿ, ಅದರ ನಾಲ್ಕು ಎಲ್ಲೆಗಳು ಯಾವುವು ಎಂಬುದನ್ನೆಲ್ಲ ಅವು ನಮೂದಿಸುತ್ತವೆ. ಗದ್ದೆ ಕೊಟ್ಟಿದ್ದರೆ ಗದ್ದೆ ಎಂದೇ, ಎಣ್ಣೆ ಕೊಟ್ಟಿದ್ದರೆ ಎಣ್ಣೆ ಎಂದೇ ಬರೆದಿದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ 1007ರ ಶಾಸನವು ಇಂದಿಗೂ ಆಕೆಯನ್ನು ಸ್ಮರಿಸುತ್ತದೆ. ಶಾಸ್ತ್ರದಾನವು ಓಲೆಗರಿಯ ರೂಪದಲ್ಲಿಯೇ ನಡೆಯಿತು, ಓಲೆಗರಿಯೆಂದೇ ಪ್ರಸಿದ್ಧವಾಯಿತು.

ಸೊಲ್ಲಾಪುರದಲ್ಲಿಯೇ ಉಜ್ಜ್ವಲ ಉದಾಹರಣೆಯೊಂದಿದೆ. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ನ್ಯಾಯದಿಂದ ಗಳಿಸಿದ ಸಂಪತ್ತನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಲು ಬಯಸಿ, 1941ರಲ್ಲಿ ಗಜಪಂಥ ಕ್ಷೇತ್ರದಲ್ಲಿ ವಿದ್ವಾಂಸರನ್ನು ಕೂಡಿಸಿ ಜೈನ ಸಂಸ್ಕೃತಿ ಸಂರಕ್ಷಕ ಸಂಘವನ್ನು ಸ್ಥಾಪಿಸಿದರು. 30,000 ರೂಪಾಯಿಗಳ ದಾನವನ್ನು ಘೋಷಿಸಿದರು. 1944ರಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಬೆಲೆಯ ತಮ್ಮ ಸಮಸ್ತ ಆಸ್ತಿಯನ್ನು ಟ್ರಸ್ಟಿಗೆ ಒಪ್ಪಿಸಿದರು. ಅದರ ಫಲವಾಗಿ ಬೆಳೆದ ಜೀವರಾಜ ಜೈನ ಗ್ರಂಥಮಾಲೆಗೆ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಡಾ. ಹೀರಾಲಾಲ ಜೈನರೊಡನೆ ಸಂಪಾದಕರಾಗಿದ್ದರು. ಸೊಲ್ಲಾಪುರದ ಆಸ್ತಿ, ಕನ್ನಡ ನೆಲದ ವಿದ್ವತ್ತು, ಪ್ರಾಕೃತ ಗ್ರಂಥ, ಹಿಂದಿಯ ಅನುವಾದ ಇವೆಲ್ಲ ಒಂದೇ ದಾನದಲ್ಲಿ ಕೂಡಿದವು. ಆ ದಾನವು ಉಳಿದುದಕ್ಕೆ ದಾನಿಯ ವೈರಾಗ್ಯ ಎಷ್ಟು ಕಾರಣವೋ, ಅದನ್ನು ಬರೆದಿಟ್ಟ ಟ್ರಸ್ಟುಪತ್ರದ ಸ್ಪಷ್ಟತೆಯೂ ಅಷ್ಟೇ ಕಾರಣ.

ಆಚರಣೆಯ ಮಾರ್ಗ

ಹಾಗಾದರೆ ಶ್ರಾವಕನು ಏನು ಮಾಡಬೇಕು? ವಸ್ತುವನ್ನು ಕೊಡಬಯಸುವವನು ವಸ್ತುವನ್ನೇ ಕೊಟ್ಟು, ವಸ್ತುವೆಂದೇ ರಸೀದಿ ಪಡೆಯಲಿ. ಅದರಲ್ಲಿ ವಿವರ, ಸಂಖ್ಯೆ, ದಿನಾಂಕ ಇರಲಿ. ಲೆಕ್ಕಕ್ಕಾಗಿ ಬೆಲೆ ಬರೆದರೂ "ವಸ್ತುರೂಪ" ಎಂಬ ಶಬ್ದ ತಪ್ಪದಿರಲಿ. ವಿನಾಯಿತಿಯನ್ನು ಬಯಸುವವನು ಮಾನ್ಯ ಸಂಸ್ಥೆಗೆ ಚೆಕ್ಕಿನಿಂದ ಹಣ ಕೊಡಲಿ. ಸಂಸ್ಥೆಯು ಆ ಹಣದಿಂದ ಬೇಕಾದುದನ್ನು ಕೊಂಡು ಹಂಚಲಿ. ದಾನಿಯ ಅಥವಾ ವಿಶ್ವಸ್ಥರ ಕಾರ್ಖಾನೆಯಿಂದಲೇ ಕೊಳ್ಳುವ ಪ್ರಸಂಗ ಬಂದರೆ ದರವು ಪೇಟೆಯ ದರವನ್ನು ಮೀರದಿರಲಿ. ಆಭರಣವನ್ನು ಮಾರಿ ಹಣ ಕೊಡುವವನು ಮಾರಾಟದ ಲಾಭಕ್ಕೆ ಸಲ್ಲಬೇಕಾದ ತೆರಿಗೆಯನ್ನೂ ಸಲ್ಲಿಸಲಿ. ಈ ವಿಷಯಗಳಲ್ಲಿ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಹಿತಕರ.

ಗುಪ್ತದಾನವು ಶ್ರೇಷ್ಠವೆಂಬ ಮಾತು ನಿಜ. ಆದರೆ ಅನಾಮಧೇಯ ದಾನಗಳಿಗೆ 2006ರಲ್ಲಿ ಪ್ರತ್ಯೇಕ ತೆರಿಗೆ ಬಂದಿತು. ಕೇವಲ ಧಾರ್ಮಿಕ ಸಂಸ್ಥೆಗಳಿಗೆ ಅದು ಅನ್ವಯಿಸದಿದ್ದರೂ ಧರ್ಮಾದಾಯ ಸಂಸ್ಥೆಗಳು ಎಚ್ಚರವಹಿಸಬೇಕು. ಹೆಸರು ವೇದಿಕೆಯ ಮೇಲೆ, ಶಿಲಾಫಲಕದ ಮೇಲೆ ಗುಪ್ತವಾಗಿರಲಿ, ವಹಿಯಲ್ಲಿ ಗುಪ್ತವಾಗದಿರಲಿ. ಕೀರ್ತಿಯನ್ನು ಬಿಡುವುದು ತ್ಯಾಗ, ಲೆಕ್ಕವನ್ನು ಬಿಡುವುದು ಪ್ರಮಾದ.

ಇನ್ನು ದ್ರವ್ಯದ ಗುಣ. ಮಾರಾಟವಾಗದೆ ಉಳಿದ, ಬಣ್ಣ ಹೋದ ಮಾಲನ್ನು ಕೊಟ್ಟು ಪೂರ್ಣ ಬೆಲೆ ಬರೆಯಿಸುವುದರಿಂದ ಗೋದಾಮು ಖಾಲಿಯಾಗಬಹುದು, ಪರಿಗ್ರಹ ಖಾಲಿಯಾಗದು. ತನ್ನ ಮನೆಯ ಅತಿಥಿಗೆ ಹೊದಿಸಲು ನಾಚದಂತಹ ಚಾದರವೇ ದಾನಕ್ಕೆ ಯೋಗ್ಯವಾದುದು.

ಆ ಶ್ರಾವಕನು ವಿವೇಕಿಯಾದರೆ ಮಾರ್ಚ್ ತಿಂಗಳಲ್ಲಿ ಸಂಸ್ಥೆಯ ಕಚೇರಿಗೆ ಹೋಗಿ ಹಳೆಯ ರಸೀದಿಯನ್ನೇ ಸಾಕೆನ್ನುತ್ತಾನೆ. ಅದರಲ್ಲಿ "500 ಚಾದರ, ವಸ್ತುರೂಪ" ಎಂದಿದೆ. ತೆರಿಗೆಯ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ ಯಾರು ಯಾವಾಗ ತೆರೆದು ನೋಡಿದರೂ ಅದರ ಒಂದು ಅಕ್ಷರವನ್ನೂ ಮುಚ್ಚಬೇಕಾಗಿಲ್ಲ. ಕರ್ಮವು ತನ್ನ ವಹಿಯನ್ನು ತಾನೇ ಬರೆದುಕೊಳ್ಳುತ್ತದೆ. ಅಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ. ಮಂದಿರದ ವಹಿಯೂ ಆ ವಹಿಯೂ ಒಂದಕ್ಕೊಂದು ತಾಳೆಯಾಗುವಂತೆ ಬದುಕುವವನೇ ಉತ್ತಮ ತ್ಯಾಗದ ಅಧಿಕಾರಿ.

ಸಕಲ ಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.