ಅಭಿಷೇಕ ಇದೆ, ಬ್ರೇಕ್ ಇದೆಯಾ?

ಯೂತ್ ಸರ್ವಿಸ್ ಸಂದೇಶ. ವಾಕ್ಯಭಾಗ: ಗಲಾತ್ಯ 5:22-23, 1 ಸಮುವೇಲ 25

ಗಲಾತ್ಯ 5ನೇ ಅಧ್ಯಾಯ ತೆಗೀರಿ. ಮೊಬೈಲಲ್ಲಿ ತೆಗೆಯೋರು ಡೇಟಾ ಆಫ್ ಮಾಡಿ ತೆಗೀರಿ, ಇಲ್ಲಾಂದ್ರೆ ಪೌಲನ ಪತ್ರಕ್ಕಿಂತ ಮೊದಲು ಇನ್ನೊಬ್ಬರ ಸ್ಟೇಟಸ್ ತೆರೆಯುತ್ತೆ.

ಆತ್ಮನ ಫಲದಲ್ಲಿ ಒಂಬತ್ತು ಗುಣಗಳಿವೆ. ಪ್ರೀತಿಯಿಂದ ಶುರು. ಕೊನೆಯದು ಯಾವುದು? ನಮ್ಮ ಹಳೇ ಸತ್ಯವೇದದಲ್ಲಿ ಅದಕ್ಕೆ ಶಮೆದಮೆ ಅಂತಾರೆ. ನಮ್ಮ ಮಾತಲ್ಲಿ ಹೇಳೋದಾದ್ರೆ, ತನ್ನನ್ನು ತಾನು ತಡೆದುಕೊಳ್ಳೋದು. ಬ್ರೇಕ್ ಹಾಕೋದು.

ನಾವು ಪೆಂತೆಕೊಸ್ತಿನವರು, ನಮಗೆ ಆಕ್ಸಿಲರೇಟರ್ ತುಂಬಾ ಇಷ್ಟ. ಬಲ, ಬೆಂಕಿ, ಅಭಿಷೇಕ, ರಾತ್ರಿಯೆಲ್ಲಾ ಪ್ರಾರ್ಥನೆ. ದೇವರಿಗೆ ಸ್ತೋತ್ರ, ನಾನೂ ಅದರಲ್ಲೇ ಬೆಳೆದವನು. ಆದರೆ ಶುಕ್ರವಾರ ರಾತ್ರಿ ಅನ್ಯಭಾಷೆಯಲ್ಲಿ ದೇವರನ್ನು ಸ್ತುತಿಸಿದ ನಾಲಿಗೆ ಸೋಮವಾರ ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಆಟೋ ಅಣ್ಣನಿಗೆ ಏನು ಹೇಳ್ತು? ನಗಬೇಡಿ. ನಗೋರೇ ಹೇಳಿರೋರು.

ಈ ವಾರ ಇದೇ ವಿಷಯ ನನ್ನ ಮನಸ್ಸಲ್ಲಿತ್ತು. ಯಾಕಂದ್ರೆ ಶನಿವಾರ ನಮ್ಮ ಮನೆ ಮುಂದೆ ಸಂಡೇ ಸ್ಕೂಲ್ ಮಕ್ಕಳನ್ನು ಕರ್ಕೊಂಡು ಬರೋ ಹಳೇ ಓಮ್ನಿಯ ಮುಂದಿನ ಬ್ರೇಕ್ ಪ್ಯಾಡ್ ಬದಲಾಯಿಸಿದ್ವಿ. ನಾನು, ಜೊತೆಗೆ ಯೂತಿನ ಇಬ್ಬರು ತಮ್ಮಂದಿರು. ಓಮ್ನಿ ಬರೋದು 2019ರಲ್ಲೇ ನಿಂತುಹೋಯ್ತು, ಆದರೂ ಕರ್ತನ ಕೃಪೆಯಿಂದ ನಮ್ಮದು ಓಡ್ತಾ ಇದೆ.

ಮುಂದಿನ ಪ್ಯಾಡೇ ಯಾಕೆ ಮೊದಲು ಸವೆಯುತ್ತೆ ಗೊತ್ತಾ? ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತೆ. ನಿಲ್ಲಿಸೋ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ಸಭೆಯಲ್ಲಿ ಮುಂದೆ ನಿಲ್ಲೋರೇ, ಹಾಡೋರೇ, ಮನೆಗೆ ಹಿರಿಮಗನಾಗಿ ಇಎಂಐ ಕಟ್ಟೋರೇ, ನಿಮ್ಮ ಪ್ಯಾಡನ್ನು ಆಗಾಗ ನೋಡ್ಕೊಳ್ಳಿ.

ಸವೆದಾಗ ಅದು ಸುಮ್ಮನಿರಲ್ಲ, ಕಿರ್ ಅನ್ನುತ್ತೆ. ಕೆಲವು ಪ್ಯಾಡಿಗೆ ಅದಕ್ಕಂತಲೇ ಒಂದು ಸಣ್ಣ ತಗಡು ಇಟ್ಟಿರ್ತಾರೆ, ಸವೆದ ಮೇಲೆ ಡಿಸ್ಕಿಗೆ ತಾಗಿ ಕೂಗಲಿ ಅಂತ. ಕೆಲವರು ಆ ಸದ್ದು ಕೇಳಬಾರದು ಅಂತ ಪಾಟಿನ ವಾಲ್ಯೂಮ್ ಜಾಸ್ತಿ ಮಾಡ್ತಾರೆ. ವರ್ಶಿಪ್ ಸಾಂಗ್ ಆದ್ರೂ ಅಷ್ಟೇ. ಕೂಗಿ ಕೂಗಿ ಪ್ಯಾಡ್ ಮುಗಿದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಡಿಸ್ಕೂ ಹಾಳಾಗುತ್ತೆ.

ಈಗ 1 ಸಮುವೇಲ 25. ದಾವೀದ ಅಭಿಷಿಕ್ತ. ಸಮುವೇಲನೇ ಎಣ್ಣೆ ಹೊಯ್ದಿದ್ದಾನೆ. ಹಿಂದಿನ ಅಧ್ಯಾಯದಲ್ಲಿ, ಗುಹೆಯಲ್ಲಿ, ಸೌಲ ಕೈಗೆ ಸಿಕ್ಕಿದ್ರೂ ಬಿಟ್ಟುಬಿಟ್ಟ. ಎಂಥ ಬ್ರೇಕ್! ಆದರೆ ಇಲ್ಲಿ ನಾಬಾಲ ಅನ್ನೋ ಒಬ್ಬ ಶ್ರೀಮಂತ ಊಟ ಕೊಡದೆ ಅವಮಾನ ಮಾಡಿದ. ಅಷ್ಟಕ್ಕೇ ನಾನೂರು ಜನ ಕತ್ತಿ ಕಟ್ಕೊಂಡು ಹೊರಟರು. ನಾಬಾಲನ ಮನೆಯ ಒಬ್ಬ ಗಂಡಸೂ ಬೆಳಗಿನ ತನಕ ಉಳಿಯಬಾರದು ಅನ್ನೋ ಸಿಟ್ಟು. ರಾಜನನ್ನು ಬಿಟ್ಟವನು ಕುರಿಯವನ ಮಾತಿಗೆ ಸೋತ. ದೊಡ್ಡ ಶೋಧನೆಯಲ್ಲಿ ಗೆದ್ದಿದ್ದೀನಿ, ಸಣ್ಣದರಲ್ಲಿ ಏನಾಗುತ್ತೆ ಅನ್ನೋರು ಈ ಎರಡು ಅಧ್ಯಾಯ ಒಟ್ಟಿಗೆ ಓದಿ.

ಅಬೀಗೈಲಳು ಕತ್ತೆಯಿಂದ ಇಳಿದು ಅಡ್ಡ ಬಂದಳು. ನೀನು ಮುಂದೆ ಅರಸನಾದಾಗ ಈ ರಕ್ತ ನಿನ್ನ ಮನಸ್ಸಾಕ್ಷಿಯ ಮೇಲೆ ಇರಬಾರದು ಅನ್ನೋದು ಅವಳ ಮಾತಿನ ಸಾರ. ದಾವೀದ ನಿಂತ. ಅಡ್ಡ ಬಂದವಳನ್ನು ಬೈಯಲಿಲ್ಲ, ದೇವರೇ ಕಳಿಸಿದ್ದಾನೆ ಅಂತ ಸ್ತೋತ್ರ ಮಾಡಿದ. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರಿಗೆ ಉದ್ದ ಮೆಸೇಜ್ ಟೈಪ್ ಮಾಡ್ತಿರುವಾಗ "ಬೆಳಿಗ್ಗೆ ಕಳಿಸೋ ಮಗಾ" ಅಂದ ಅಮ್ಮನಿಗೆ ನೀವೇನು ಹೇಳಿದ್ರಿ?

ಮತ್ತೆ ಓಮ್ನಿಗೆ ಬರ್ತೀನಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟು ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಟ್ವಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಅದನ್ನು ಪೈಪಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಇದಕ್ಕೆಲ್ಲ ಆತ್ಮಿಕ ಅರ್ಥ ಹುಡುಕಬೇಡಿ, ಇದು ಬರೀ ಬುದ್ಧಿಮಾತು. ಒಬ್ಬ ತಮ್ಮ, "ಪಾಸ್ಟರ್, ಎಡಗಡೆದು ಇನ್ನೂ ಸ್ವಲ್ಪ ಇದೆ, ಬಲಗಡೆದು ಮಾತ್ರ ಹಾಕೋಣ" ಅಂದ. ಆಗಲ್ಲಪ್ಪ. ಒಂದು ಕಡೆ ಹಳೇದು, ಒಂದು ಕಡೆ ಹೊಸದು ಆದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

ಹೊಸ ಪ್ಯಾಡ್ ದಪ್ಪ ಇರುತ್ತೆ, ಅದಕ್ಕೆ ಪಿಸ್ಟನ್ನನ್ನು ಕ್ಲಾಂಪ್ ಹಾಕಿ ಹಿಂದಕ್ಕೆ ಒತ್ತಬೇಕು. ಒತ್ತಿದ್ವಿ. ಎರಡೂ ಕಡೆ ಹೊಸ ಪ್ಯಾಡ್, ಚಕ್ರ ಬಿಗಿಯಾಯ್ತು, ಗಾಡಿ ಕೆಳಗಿಳಿಯಿತು. ಆ ತಮ್ಮ ಕೀ ಹಿಡಿದು ಓಡಿದ. ನಿಲ್ಲು, ಸ್ಟಾರ್ಟ್ ಮಾಡಬೇಡ, ಮೊದಲು ಪೆಡಲ್ ಒತ್ತು ಅಂದೆ. ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಅವನ ಮುಖ ನೋಡಬೇಕಿತ್ತು. "ಪಾಸ್ಟರ್, ಬ್ರೇಕೇ ಇಲ್ಲ!"

ಬ್ರೇಕ್ ಇದೆ. ಹೊಚ್ಚ ಹೊಸದು. ಆದರೆ ಹಿಂದಕ್ಕೆ ಹೋದ ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಜಾಗ ಇದೆ. ನಿಂತ ಗಾಡಿಯಲ್ಲೇ ಮತ್ತೆ ಮತ್ತೆ ಒತ್ತಿದಾಗ ಪಿಸ್ಟನ್ ಸ್ವಲ್ಪ ಸ್ವಲ್ಪ ಮುಂದೆ ಬಂದು ಪ್ಯಾಡಿಗೆ ಕೂತ್ಕೊಳ್ಳುತ್ತೆ, ಪೆಡಲ್ ಗಟ್ಟಿಯಾಗುತ್ತೆ. ಒತ್ತದೆ ಹೊರಟಿದ್ರೆ? ನಮ್ಮ ಬೀದಿಯ ಕೊನೆಯಲ್ಲಿ ಇಳಿಜಾರು, ಅದರ ಕೆಳಗೆ ಮೇನ್ ರೋಡು.

ಪ್ರಿಯರೇ, ಭಾನುವಾರ ವೇದಿಕೆ ಮುಂದೆ ಅತ್ತು ಪ್ರಾರ್ಥಿಸಿದ್ದು ಸುಳ್ಳಲ್ಲ. ದೇವರು ಹೊಸದನ್ನೇ ಕೊಟ್ಟಿದ್ದಾನೆ. ಬುಧವಾರ ಮತ್ತೆ ಬಿದ್ದಾಗ, ನನಗೆ ಪವಿತ್ರಾತ್ಮನೇ ಸಿಕ್ಕಿಲ್ಲವೇನೋ ಅಂತ ಸೈತಾನ ಹೇಳಿಸ್ತಾನೆ. ನಂಬಬೇಡಿ. ನೀವು ನಿಂತ ಗಾಡಿಯಲ್ಲಿ ಪೆಡಲ್ ಒತ್ತಿ ನೋಡಿದ್ರಾ, ಅದನ್ನು ಕೇಳ್ಕೊಳ್ಳಿ. ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದಾಗ ಒಂದು ಸಲ. ತಂಗಿ ಚಾರ್ಜರ್ ತಗೊಂಡಾಗ ಒಂದು ಸಲ. ರಾತ್ರಿ ಹತ್ತಕ್ಕೆ ಫೋನನ್ನು ಇನ್ನೊಂದು ರೂಮಲ್ಲಿ ಇಟ್ಟು ಒಂದು ಸಲ. ಇಳಿಜಾರಿಗೆ ಬಂದಾಗ ಕಾಲಿಗೆ ಗಟ್ಟಿ ಪೆಡಲ್ ಸಿಗಬೇಕು.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳೋದಕ್ಕೂ ಸ್ವಲ್ಪ ಓಡಾಟ ಬೇಕು. ಅದಕ್ಕೇ ಇವತ್ತು ಮಕ್ಕಳನ್ನು ಕರ್ಕೊಂಡು ಬರುವಾಗ ನಿಧಾನಕ್ಕೆ ಓಡಿಸಿ ಅಂತ ಡ್ರೈವರ್ ಅಣ್ಣನಿಗೆ ಹೇಳಿದ್ದೆ. ಹತ್ತು ನಿಮಿಷ ಲೇಟಾಗಿದ್ದು ಅದಕ್ಕೇ, ತಾಯಂದಿರು ಕ್ಷಮಿಸಿ.

ಬರುವ ಶನಿವಾರ ಹಿಂದಿನ ಡ್ರಮ್ ಬಿಚ್ಚಿ ನೋಡ್ತೀವಿ. ಬರೋರು ಹಳೇ ಬಟ್ಟೆ ಹಾಕ್ಕೊಂಡು ಬನ್ನಿ, ತಂಗಿಯರೂ ಬನ್ನಿ. ಈಗ ಎದ್ದು ನಿಲ್ಲೋಣ. ಈ ವಾರ ಯಾರ ಮೇಲೆ ಕತ್ತಿ ಕಟ್ಕೊಂಡು ಹೊರಟಿದ್ದೀರೋ, ಅವರ ಹೆಸರನ್ನು ಕರ್ತನ ಮುಂದೆ ಹೇಳಿ. ಜೋರಾಗಿ ಬೇಡ, ಪಕ್ಕದಲ್ಲೇ ಇದ್ದರೂ ಇರಬಹುದು. ಪ್ರಾರ್ಥನೆ ಮಾಡೋಣ.