ಹೆಸರು ಯಾರ ಸೊತ್ತು?

ತುಂಗಭದ್ರೆಯ ದಡದಲ್ಲಿ ನಿಂತು ನೋಡಿದರೆ ಆನೆಗೊಂದಿಯ ಪಾಡು ಅರ್ಥವಾಗುತ್ತದೆ. ವಿಜಯನಗರದ ತಾಯಿಬೇರು ಈ ದಡದ್ದೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೇರಿದ ಹೆಸರು ಆಚೆ ದಡದ ಹಂಪಿಯದು. ಖ್ಯಾತಿಯು ಯೋಗ್ಯತೆಯ ಬೆನ್ನು ಹಿಡಿದೇ ಬರುತ್ತದೆಂಬ ನಮ್ಮ ನಂಬಿಕೆ ಇಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಓದುಗರೇ, ಈ ವಿಚಾರವನ್ನು ನನ್ನಲ್ಲಿ ಮತ್ತೆ ಕೆದಕಿದ್ದು ಒಂದು ಹಳೆಯ ಕಾಲ್ಚೆಂಡಾಟ. 1952ರ ಜುಲೈಯಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತವು ಯುಗೊಸ್ಲಾವಿಯಾದ ಎದುರು ಆಡಿತು. ಚಳಿಯ ನಾಡಿನಲ್ಲಿ ನಮ್ಮವರಲ್ಲಿ ಹಲವರದು ಬರಿಗಾಲಿನ ಆಟ. ಸೋಲು 10-1ರಿಂದ. ಎದುರಾಳಿಗಳ ಪೈಕಿ ಎರಡು ಗೋಲು ಹೊಡೆದವನು ಸೆರ್ಬಿಯಾದ ಮುನ್ಪಡೆಯ ಆಟಗಾರ ರಾಯ್ಕೊ ಮಿತಿಚ್. ಭಾರತದ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು.

ಮಿತಿಚ್ 1958ರಲ್ಲಿ ಆಟ ಬಿಟ್ಟರು, 2008ರಲ್ಲಿ ತೀರಿಕೊಂಡರು. ಆದರೂ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಕ್ಲಬ್ಬು ಅವರನ್ನು ತನ್ನ ನಕ್ಷತ್ರಗಳಲ್ಲಿ ಮೊದಲನೆಯವರೆಂದು ಎಣಿಸಿತು. 2014ರಲ್ಲಿ ತನ್ನ ಕ್ರೀಡಾಂಗಣಕ್ಕೇ ಅವರ ಹೆಸರಿಟ್ಟಿತು. ಅವರ ಆಟವನ್ನು ಕಣ್ಣಾರೆ ಕಾಣದ ಮಕ್ಕಳು ಇಂದು ಆ ಹೆಸರನ್ನು ಉಚ್ಚರಿಸುತ್ತಾರೆ. ಅಹಮದ್ ಖಾನರಿಗೂ ಅಭಿಮಾನಿಗಳಿದ್ದರು, ಆದರೆ ಕಲ್ಕತ್ತೆಯಲ್ಲಿ. ಈಸ್ಟ್ ಬೆಂಗಾಲ್ ತಂಡದ ಐವರು ಮುನ್ಪಡೆಯವರನ್ನು ಅಲ್ಲಿನ ಜನ ‘ಪಂಚಪಾಂಡವರು’ ಎಂದು ಕರೆದರು. ಆ ಐವರಲ್ಲಿ ಇವರೊಬ್ಬರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಗೆದ್ದ ತಂಡದಲ್ಲಿಯೂ ಇದ್ದರು. 2017ರಲ್ಲಿ ಅವರು ತೀರಿಕೊಂಡಾಗ ಕನ್ನಡ ನಾಡಿನಲ್ಲಿ ಎಷ್ಟು ಮಂದಿಗೆ ಆ ಹೆಸರು ಪರಿಚಿತವಾಗಿತ್ತು? ನಾನಂತೂ ತಲೆತಗ್ಗಿಸಬೇಕಾದವರ ಸಾಲಿನಲ್ಲಿದ್ದೇನೆ.

ಇದನ್ನು ಅನ್ಯಾಯವೆನ್ನಬಹುದೇ? ಜನಪ್ರೀತಿ ಯಾರೂ ತೀರಿಸಬೇಕಾದ ಸಾಲವಲ್ಲ, ನಿಜ. ಜನರು ಆಟಗಾರನಲ್ಲಿ ಬಹುಮಟ್ಟಿಗೆ ತಮ್ಮನ್ನೇ ಕಂಡು ಹಿಗ್ಗುತ್ತಾರೆ. ತಮ್ಮ ಊರು, ತಮ್ಮ ಬಣ್ಣ, ತಮ್ಮ ಗೆಲುವು. ಆ ಹೆಸರನ್ನು ಹೊತ್ತು ನಡೆಯುವ ಸಂಸ್ಥೆಯೊಂದು ಉಳಿದಿದ್ದರೆ ಪ್ರೀತಿಯೂ ಉಳಿಯುತ್ತದೆ. ಹಾಗೆಂದು ಮರೆವನ್ನು ಕಾಲದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಜನಪ್ರಿಯತೆ ಗುಂಪಿನ ಮನಸ್ಸಿಗೆ ಬಿಟ್ಟದ್ದು, ಕೃತಜ್ಞತೆಯೋ ಒಬ್ಬೊಬ್ಬನ ಹೊಣೆ. ಮೊದಲನೆಯದನ್ನು ಯಾರೂ ಕೇಳಿ ಪಡೆಯಲಾಗದು. ಎರಡನೆಯದನ್ನು ಕೇಳದಿದ್ದರೂ ಕೊಡಬೇಕಾಗುತ್ತದೆ.

ಆ ಪಂದ್ಯದ ಕೊನೆಯ ಗಳಿಗೆ ನನ್ನನ್ನು ಬಿಡದೆ ಕಾಡುತ್ತದೆ. ಸೋಲು ಎಂದೋ ನಿಶ್ಚಯವಾಗಿತ್ತು. ಮುಗಿಯಲು ಒಂದೆರಡು ನಿಮಿಷಗಳಷ್ಟೇ ಉಳಿದಿದ್ದವು. ಒಂದು ಗೋಲಿನಿಂದ ಪದಕವೂ ಇಲ್ಲ, ಪ್ರಶಂಸೆಯೂ ಇಲ್ಲ, ಮಾನ ಉಳಿಯಿತೆಂಬ ಸಮಾಧಾನವೂ ಇಲ್ಲ. ಆದರೂ ಅಹಮದ್ ಚೆಂಡಿನ ಬೆನ್ನು ಬಿಡಲಿಲ್ಲ. ಆ ದಿನದ ದಾಖಲೆಯಲ್ಲಿ ಮಿತಿಚ್‌ರ ಹೆಸರಿನ ಮುಂದೆ ಎರಡು, ಅಹಮದ್ ಖಾನರ ಹೆಸರಿನ ಮುಂದೆ ಒಂದು ಇಂದಿಗೂ ಇದೆ.