ಯಾರ ಊರಿಗೆ ಮರಳಿದೆವು?

ಕಳೆದ ಗಣೇಶನ ಹಬ್ಬದ ದಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು, "ಏನು, ಮೂರು ತಿಂಗಳಿಂದ ನಿಮ್ಮಿಬ್ಬರ ಸುಳಿವೇ ಇಲ್ಲ. ಊರಿಗೆ ಹೋಗಿದ್ದಿರಾ?" ಎಂದು ಕೇಳಿದರು. "ಹೌದು" ಎಂದುಬಿಟ್ಟೆವು. "ಮಳೆ ಹೇಗಿತ್ತು? ಅಡಿಕೆಗೆ ಕೊಳೆ ಬಂದಿದೆಯಂತೆ?" ಎಂದು ಮುಂದುವರಿಸಿದಾಗ ತಬ್ಬಿಬ್ಬಾದೆವು. ನಾವು ಹೋಗಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗಲ್ಲ, ಇಟಲಿಯ ಸ್ಕಾನ್ನೊ ಎಂಬ ಬೆಟ್ಟದೂರಿಗೆ. ಹೇಳಿದಾಗ ಸುತ್ತಲಿದ್ದವರು ನಕ್ಕರು, ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಮಾತ್ರ ಆ "ಹೌದು" ಬಾಯಿತಪ್ಪಿ ಬಂದದ್ದೋ, ಮನಸ್ಸಿನಿಂದಲೇ ಬಂದದ್ದೋ ಎಂದು ಯೋಚನೆ ಹತ್ತಿತು. ಕನ್ನಡಿಗರು "ಊರಿಗೆ ಹೋಗುತ್ತೇವೆ" ಎಂದರೆ ಯಾವ ಊರು ಎಂದು ಯಾರೂ ಕೇಳುವುದಿಲ್ಲ ತಾನೆ?

ಸ್ಕಾನ್ನೊ ಇರುವುದು ರೋಮ್ ನಗರದ ಪೂರ್ವಕ್ಕೆ, ಅಬ್ರುಜ್ಜೊ ಪ್ರಾಂತದ ಬೆಟ್ಟಗಳ ನಡುವೆ. ಎತ್ತರ ಸುಮಾರು 1,050 ಮೀಟರ್, ನಮ್ಮ ಮಡಿಕೇರಿಗಿಂತ ಕೊಂಚ ತಗ್ಗು. ಸುಲ್ಮೋನಾ ಪಟ್ಟಣದಿಂದ ಬಸ್ಸು ಸಜಿತ್ತಾರಿಯೊ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ತಿರುವು ತಿರುವಾಗಿ ಏರುತ್ತದೆ. ಹಿಂದೆಂದೋ ಬೆಟ್ಟ ಕುಸಿದು ನೀರು ಕಟ್ಟಿ ಆದ ಒಂದು ಕೆರೆಯಿದೆ. ಕಲ್ಲಿನ ಮೆಟ್ಟಿಲುಗಳ ಓಣಿಗಳು. ಆ ಓಣಿಗಳನ್ನೂ ಅಲ್ಲಿನ ಕಪ್ಪುಡುಗೆಯ ಹೆಂಗಸರನ್ನೂ 1951ರಲ್ಲಿ ಕಾರ್ತಿಯೆ-ಬ್ರೆಸ್ಸಾನ್, 1957 ಮತ್ತು 1959ರಲ್ಲಿ ಮಾರಿಯೊ ಜಕೊಮೆಲ್ಲಿ ತೆಗೆದ ಚಿತ್ರಗಳು ಜಗತ್ಪ್ರಸಿದ್ಧ. ಇಂದು ಅಲ್ಲಿ ಎರಡು ಸಾವಿರ ಜನರೂ ಇಲ್ಲ.

ನಾವು ಮೊದಲು ಹೋಗಿದ್ದು 1998ರಲ್ಲಿ, ಮಕ್ಕಳೊಂದಿಗೆ, ಒಂದು ವಾರಕ್ಕೆ. ಆಮೇಲೆ ಕಾಲು ತಾನೇ ಆ ಕಡೆ ಎಳೆಯಿತು. ನಿವೃತ್ತಿಯಾದ ಮೇಲೆ ಈ ವರ್ಷ ಮೇ ತಿಂಗಳಿಂದ ಎಂಬತ್ತೈದು ದಿನ ಇದ್ದೆವು. ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ 2021ರಿಂದ ಅಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಅವಕಾಶ. ಬೆರಳು ಮಡಿಸಿ ಎಣಿಸಿ, ಐದು ದಿನ ಉಳಿಸಿಕೊಂಡು ಹೊರಟೆವು. ಭಾರತಕ್ಕೆ ನಮ್ಮ ಬಳಿ ಓಸಿಐ ಕಾರ್ಡ್ ಇದೆ, ಜೀವನಪೂರ್ತಿ ಇದ್ದರೂ ಯಾರೂ ದಿನ ಎಣಿಸುವುದಿಲ್ಲ. ಅಲ್ಲಿ ಮಾತ್ರ ನಾವು ಒಮ್ಮೆಯೂ ಎರಡು ವಾರ ದಾಟಿ ಉಳಿದವರಲ್ಲ.

ಬಸ್ಸು ಇಳಿದಾಗ ಎದುರುಮನೆಯ ಅಜ್ಜಿ, "ಬೆನ್ ತೊರ್ನಾತಿ" ಎಂದರು. ಮರಳಿ ಬಂದವರಿಗೆ ಸ್ವಾಗತ ಎಂದರ್ಥ. ಆ ಊರಿನಲ್ಲಿ ಮರಳುವುದು ಹಗುರವಾದ ಮಾತಲ್ಲ. ಶತಮಾನಗಳ ಕಾಲ ಅಲ್ಲಿನ ಗಂಡಸರು ಚಳಿಗೆ ಮುಂಚೆ ಕುರಿಮಂದೆಗಳನ್ನು ಹೊಡೆದುಕೊಂಡು ದಕ್ಷಿಣದ ಪುಲಿಯಾ ಬಯಲಿಗೆ ಇಳಿಯುತ್ತಿದ್ದರು. ಕುರಿಗಳಿಗೆಂದೇ ಇದ್ದ ಹಾದಿಗಳು ಕೆಲವೆಡೆ 111 ಮೀಟರ್ ಅಗಲ. ಲಾಕ್ವಿಲಾದಿಂದ ಫೋಜ್ಜಾಕ್ಕೆ ಹೋಗುವ ಹಾದಿಯ ಉದ್ದ ಸುಮಾರು 244 ಕಿಲೋಮೀಟರ್. ವಸಂತದ ಕೊನೆಗೆ ಅವರು ಮರಳುವ ತನಕ ಮನೆ, ಮಕ್ಕಳು, ಹೊಲ ಎಲ್ಲವೂ ಹೆಂಗಸರ ತಲೆಯ ಮೇಲೆ. ನಮ್ಮ ಬಯಲುಸೀಮೆಯಲ್ಲಿ ಮಂದೆಯೊಂದಿಗೆ ಊರೂರು ಅಲೆಯುವ ಕುರಿಗಾಹಿಗಳನ್ನು ಕಂಡವರಿಗೆ ಇದು ತೀರ ಹೊಸದೆನಿಸದು. ಮಹಾಯುದ್ಧದ ನಂತರ ಅಬ್ರುಜ್ಜೊ ಜನ ಇನ್ನೂ ದೂರ ಹೋದರು. ಬೆಲ್ಜಿಯಮ್ಮಿನ ಕಲ್ಲಿದ್ದಲು ಗಣಿಗಳಿಗೆ ಕೆಲಸಗಾರರನ್ನು ಕಳಿಸುವ ಒಪ್ಪಂದವಾದದ್ದು 1946ರಲ್ಲಿ. ಹತ್ತು ವರ್ಷದ ನಂತರ ಮಾರ್ಸಿನೆಲ್ ಗಣಿಯ ಬೆಂಕಿಯಲ್ಲಿ ಸತ್ತ 262 ಮಂದಿಯಲ್ಲಿ 136 ಮಂದಿ ಇಟಲಿಯವರು, ಅವರಲ್ಲಿ ಅನೇಕರು ಅಬ್ರುಜ್ಜೊದವರು.

ಹೀಗೆ ಹೋದವರ ಮನೆಗಳು ಬೆಟ್ಟದೂರುಗಳಲ್ಲೆಲ್ಲ ಬೀಗ ಹಾಕಿಕೊಂಡಿವೆ. ನಮ್ಮ ಅಜ್ಜಿಯ ಬಳಿ ಅಂಥ ನಾಲ್ಕು ಮನೆಗಳ ಬೀಗದ ಕೈಗಳಿದ್ದವು. ಪ್ರತಿ ಶನಿವಾರ ಹೋಗಿ ಕಿಟಕಿ ತೆರೆದು, ಗಾಳಿಯಾಡಿಸಿ, ಸಂಜೆ ಮುಚ್ಚಿ ಬರುತ್ತಿದ್ದರು. ಜೂನ್‌ನಲ್ಲಿ ಬಿದ್ದು ಮುಂಗೈ ಮುರಿದುಕೊಂಡಾಗ ಆ ಕೈಗೊಂಚಲನ್ನು ನಮಗೆ ಕೊಟ್ಟರು. ನಾಲ್ಕು ಶನಿವಾರ ನಾವು ಕಂಡರಿಯದವರ ಮನೆಗಳ ಕಿಟಕಿ ತೆರೆದೆವು. ಗೋಡೆಯ ಮೇಲೆ ಮದುವೆಯ ಫೋಟೊ, ಒಲೆಯ ಮೇಲೆ ಕಾಫಿ ಪಾತ್ರೆ, ಮಂಚದ ಮೇಲೆ ಬಿಳಿ ಹೊದಿಕೆ.

ಒಂದು ಸಂಜೆ ಅಜ್ಜಿ ಕೇಳಿದರು, "ನೀವೂ ಊರು ಬಿಟ್ಟವರೇ. ನಿಮ್ಮ ಮನೆಯ ಬೀಗದ ಕೈ ಯಾರ ಹತ್ತಿರ ಇದೆ?" ಚಿಕ್ಕಪ್ಪನ ಮಗನ ಹತ್ತಿರ ಎಂದೆವು. "ಅವನಿಗೇನು ಕೊಡುತ್ತೀರಿ?" ಎಂದರು. ಹೋದಾಗಲೆಲ್ಲ ಎರಡು ಷರಟು, ಒಂದು ಸೆಂಟಿನ ಬಾಟಲಿ, ಚಾಕೊಲೇಟು. ಅಜ್ಜಿ ಜೋರಾಗಿ ನಕ್ಕು, "ನನಗೂ ಬೆಲ್ಜಿಯಮ್ಮಿನಿಂದ ಚಾಕೊಲೇಟೇ" ಎಂದರು.

ಅದೇ ಮೇ ತಿಂಗಳಲ್ಲಿ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಮಂಗಗಳು ಹಂಚು ಒಡೆದು ಹಾಕಿವೆ. ಮಳೆ ಹಿಡಿಯುವ ಮುಂಚೆ ಸರಿಮಾಡಿಸಬೇಕು, ಆಳು ಸಿಗುತ್ತಿಲ್ಲ. ನೀವು, ಅತ್ತಿಗೆ ಒಂದು ಸಲ ಬಂದು ಕೂತು ಮಾತಾಡಿದರೆ ಒಳ್ಳೆಯದು." ದುಡ್ಡು ಕಳಿಸುತ್ತೇವೆ ಎಂದೆವು. ಅವನು ಕೇಳಿದ್ದು ದುಡ್ಡನ್ನಲ್ಲ.

ಇನ್ನೊಂದನ್ನೂ ಹೇಳಬೇಕು. 2010ರಲ್ಲಿ ಅಮ್ಮ (ನಮ್ಮಲ್ಲೊಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ) "ಈ ಸಲ ಒಂದು ತಿಂಗಳು ಇದ್ದು ಹೋಗಿ" ಎಂದಿದ್ದರು. ರಜೆ ಇಲ್ಲ ಎಂದು ಹನ್ನೊಂದು ದಿನಕ್ಕೆ ಹೊರಟು ಬಂದೆವು. ಅದೇ ವರ್ಷದ ಆಗಸ್ಟಿನಲ್ಲಿ ಸ್ಕಾನ್ನೊದಲ್ಲಿ ಮೂರು ವಾರ ಇದ್ದೆವು. 2012ರಲ್ಲಿ ಅಮ್ಮ ತೀರಿಕೊಂಡರು.

ಇಷ್ಟಾದ ಮೇಲೆ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದು. ಏನನ್ನೂ ಕೇಳದ ಊರಿನ ಮೇಲಿನ ಪ್ರೀತಿ, ನಿಜವಾದ ಪ್ರೀತಿಯೇ?

ಸ್ನೇಹಿತರೊಬ್ಬರು, "ಬಾಡಿಗೆ ಕೊಟ್ಟು ಇದ್ದಿರಿ, ಅಲ್ಲಿಗೆ ಋಣ ತೀರಿತು" ಎಂದರು. ಬಾಡಿಗೆ ಮನೆಯ ಒಡೆಯನಿಗೆ ಸೇರಿತು, ನಿಜ. ಆದರೆ ನಾವು ಮೆಚ್ಚಿದ್ದು ಆ ಎರಡು ಕೋಣೆಗಳನ್ನಲ್ಲ. ಬೆಟ್ಟದ ಹಸಿರು ಹುಲ್ಲುಗಾವಲನ್ನು ಮೆಚ್ಚಿದೆವು. ಕುರಿ ಮೇಯದಿದ್ದರೆ ಅಲ್ಲಿ ಪೊದೆ ಬೆಳೆಯುತ್ತದೆ. ಇಂದು ಅಬ್ರುಜ್ಜೊ ಬೆಟ್ಟಗಳಲ್ಲಿ ಕುರಿ ಕಾಯುವವರಲ್ಲಿ ರೊಮೇನಿಯಾ, ಮ್ಯಾಸಿಡೋನಿಯಾಗಳಿಂದ ಬಂದವರು ಬಹಳ, ಅವರೂ ಊರು ಬಿಟ್ಟವರೇ. ಜೀವಂತವಾಗಿರುವ ಓಣಿಯನ್ನು ಮೆಚ್ಚಿದೆವು. ಅದನ್ನು ಹಾಗಿಟ್ಟವರು ಮುಂಗೈ ಮುರಿದ ಅಜ್ಜಿಯಂಥವರು. ಇವರಲ್ಲಿ ಯಾರಿಗೂ ನಮ್ಮ ಬಾಡಿಗೆ ಸೇರಿಲ್ಲ.

ಇನ್ನೊಬ್ಬರು, "ದೂರದ ಬೆಟ್ಟ ನುಣ್ಣಗೆ. ಮೊದಲು ನಿಮ್ಮ ಊರು ನೋಡಿಕೊಳ್ಳಿ" ಎಂದರು. ಮಾತು ಚುಚ್ಚಿತು, ಆದರೂ ಪೂರ್ತಿ ಒಪ್ಪಲಾರೆವು. ಊರಿಗೆ ಹೋದರೆ ಪಾಲಿನ ಮಾತು, ದೇವಸ್ಥಾನದ ಚಂದಾ, ನೆಂಟರ ಮನೆಯ ಮದುವೆ, ಆಸ್ಪತ್ರೆ. ಅಂಗಳದಲ್ಲಿ ಕೂತು ಎದುರಿನ ಗುಡ್ಡವನ್ನು ಸುಮ್ಮನೆ ನೋಡಿದ್ದು ನೆನಪಿಲ್ಲ. ಸ್ಕಾನ್ನೊದಲ್ಲಿ ನೋಡಲು ಪುರುಸೊತ್ತಿತ್ತು, ಅಲ್ಲಿ ಕಂಡ ಚೆಲುವು ಸುಳ್ಳಲ್ಲ. ಅದನ್ನು ಬಿಟ್ಟುಬಿಟ್ಟರೆ ಅಮ್ಮನ ಆ ಒಂದು ತಿಂಗಳು ಹಿಂದಿರುಗಿ ಬರುವುದೂ ಇಲ್ಲ. ಆದರೆ ಆ ಪುರುಸೊತ್ತು ಎಲ್ಲಿಂದ ಬಂತು ಎಂಬುದನ್ನು ಮರೆಯುವ ಹಾಗಿಲ್ಲ. ಅಲ್ಲಿಯ ಕೆಲಸ ಅಜ್ಜಿ ಮಾಡುತ್ತಿದ್ದರು, ಇಲ್ಲಿಯದನ್ನು ತಮ್ಮ ಮಾಡುತ್ತಿದ್ದ.

ಆದ್ದರಿಂದ ನಮಗೆ ತೋಚಿದ್ದಿಷ್ಟು. ಒಂದು ಊರನ್ನು ನಮಗಾಗಿ ಯಾರು ಕಾದಿಟ್ಟಿದ್ದಾರೆ ಎಂದು ತಿಳಿದ ಮೇಲೆ, ಅವರ ಕೆಲಸಕ್ಕೆ ಒಂದಿಷ್ಟಾದರೂ ಕೈ ಕೊಡಬೇಕು. ಆಗ ಆ ಊರಿಗೆ "ಮರಳುತ್ತೇವೆ" ಎನ್ನಬಹುದು. ಆ ನಾಲ್ಕು ಶನಿವಾರಗಳ ಮಟ್ಟಿಗೆ ನಾವು ಸ್ಕಾನ್ನೊಗೆ ಮರಳಿದವರು ಎಂದುಕೊಂಡಿದ್ದೇವೆ.

ಜನವರಿಯಲ್ಲಿ ಊರಿಗೆ ಹೊರಟಿದ್ದೇವೆ, ಈ ಸಲ ಮೂರು ತಿಂಗಳಿಗೆ. ತಮ್ಮನ ಜೊತೆ ಕೂತು ಮಾತಾಡಬೇಕು. ಮನೆಯನ್ನು ಅವನ ಹೆಸರಿಗೇ ಬರೆದುಕೊಡೋಣ ಎಂಬುದು ನಮ್ಮಲ್ಲೊಬ್ಬರ ಮಾತು. ಮಕ್ಕಳನ್ನು ಕೇಳದೆ ಬೇಡ ಎಂಬುದು ಇನ್ನೊಬ್ಬರದು. ಮಕ್ಕಳು "ಅಜ್ಜಿ ಮನೆ ಯಾರಿಗೂ ಕೊಡಬೇಡಿ" ಎನ್ನುತ್ತಾರೆ. ಅವರು ಅಲ್ಲಿಗೆ ಕೊನೆಯ ಸಲ ಹೋದದ್ದು 2016ರಲ್ಲಿ. ಇದಿನ್ನೂ ಬಗೆಹರಿದಿಲ್ಲ.

ಬಳಗದ ಬಂಧುಗಳೇ, ನಮ್ಮಲ್ಲಿ ಅನೇಕರ ಮನೆಗಳಿಗೆ ಊರಿನಲ್ಲಿ ಬೀಗವಿದೆ. ನಿಮ್ಮ ಮನೆಯ ಕೈ ಯಾರ ಹತ್ತಿರವಿದೆ? ಅವರಿಗಾಗಿ ನೀವೇನು ಮಾಡಿದಿರಿ? ಮುಂದಿನ ಸಂಚಿಕೆಗೆ ಬರೆದು ತಿಳಿಸಿದರೆ, ಜನವರಿಯಲ್ಲಿ ಹೊರಡುವ ಮುಂಚೆ ನಮಗೂ ಒಂದು ದಾರಿ ತೋರಬಹುದು.